ನೆತ್ತಿ, ನಾಡಿ, ಉಸಿರು

ಹಸುಗೂಸಿನ ತಲೆಗೆ ಎಣ್ಣೆ ಹಚ್ಚುವವರ ಕೈ ಒಂದು ಜಾಗಕ್ಕೆ ಬಂದಾಗ ತಾನಾಗಿ ಹಗುರಾಗುತ್ತದೆ. ಹಣೆಯ ಮೇಲ್ಗಡೆ, ಎಲುಬಿಲ್ಲದ ಆ ವಜ್ರಾಕೃತಿಯ ಮೆದು ಜಾಗವೇ ನೆತ್ತಿ. ಕೂದಲು ತೆಳ್ಳಗಿದ್ದರೆ ಅಲ್ಲಿನ ಚರ್ಮ ಮಿಡಿಯುವುದು ಬರಿಗಣ್ಣಿಗೇ ಕಾಣುತ್ತದೆ. ಚೊಚ್ಚಲ ಬಾಣಂತಿ ಅದನ್ನು ಕಂಡು ಹೆದರುತ್ತಾಳೆ. "ಡಾಕ್ಟ್ರೇ, ನೆತ್ತಿ ಬಡ್ಕೊಳ್ತಾ ಇದೆ, ಏನೂ ತೊಂದ್ರೆ ಇಲ್ವಾ?" ಅಜ್ಜಿಗೆ ಹೆದರಿಕೆಯಿಲ್ಲ. "ಉಷ್ಣ ಕಣಮ್ಮ" ಎಂದು ಒಂದು ಚಮಚ ಹರಳೆಣ್ಣೆ ಸುರಿದು ತಟ್ಟುತ್ತಾಳೆ. ಇಬ್ಬರೂ ನೋಡುತ್ತಿರುವುದು ಒಂದನ್ನೇ. ಎದೆಯ ಬಡಿತ ಮಿದುಳಿನ ರಕ್ತನಾಳಗಳ ಮೂಲಕ ಬಂದು, ತಡೆಯಲು ಎಲುಬಿಲ್ಲದ ಕಡೆ ಹೊರಗೆ ಕಾಣಿಸುತ್ತಿದೆ. ಅದರಲ್ಲಿ ರೋಗವೂ ಇಲ್ಲ, ಉಷ್ಣವೂ ಇಲ್ಲ.

ಬುರುಡೆಯ ಬೆಳವಣಿಗೆ ಮತ್ತು ನಾಡಿಯ ವೇಗ ಎರಡೂ ಒಟ್ಟಿಗೆ ಕಣ್ಣಿಗೆ ಬೀಳುವ ಜಾಗ ಈ ನೆತ್ತಿ. ಎರಡರ ವಿಷಯದಲ್ಲೂ ಮನೆಮಂದಿ ಸೋಲುವುದು ಒಂದೇ ಕಾರಣಕ್ಕೆ. ದೊಡ್ಡವರ ಲೆಕ್ಕವನ್ನು ಮಗುವಿಗೆ ಹಾಕಿ ಇಲ್ಲದ ಕಡೆ ಗಾಬರಿಯಾಗುತ್ತೇವೆ, ಗಾಬರಿಯಾಗಬೇಕಾದ ಕಡೆ ದೃಷ್ಟಿ ತೆಗೆದು ಸುಮ್ಮನಾಗುತ್ತೇವೆ. ಮಗುವಿನ ಯಾವ ಅಳತೆಗೂ ಅದರ ಪಕ್ಕ ವಯಸ್ಸು ಬರೆಯದೆ ಅರ್ಥವಿಲ್ಲ. ಅದರ ಹಿಂದೆ ಹೋದ ತಿಂಗಳಿನ ಅಳತೆಯೂ ಇದ್ದರೆ ಅರ್ಥ ಇನ್ನಷ್ಟು ಗಟ್ಟಿಯಾಗುತ್ತದೆ.

ಮೊದಲು ತಲೆ. ಹುಟ್ಟುವ ಮಗುವಿನ ಬುರುಡೆ ಒಂದೇ ಎಲುಬಲ್ಲ. ಹಣೆಯಲ್ಲಿ ಎರಡು, ಪಕ್ಕಗಳಲ್ಲಿ ಎರಡು, ಹಿಂದೊಂದು, ಹೀಗೆ ಬಿಡಿ ಹಲಗೆಗಳು. ನಡುವೆ ನಾರಿನ ಸಂದುಗಳು. ಹೆರಿಗೆಯ ಇಕ್ಕಟ್ಟಿನ ದಾರಿಯಲ್ಲಿ ಈ ಹಲಗೆಗಳು ಮಂಗಳೂರು ಹಂಚಿನ ಹಾಗೆ ಅಂಚಿನಲ್ಲಿ ಒಂದರ ಮೇಲೊಂದು ಏರಿಕೊಂಡು ತಲೆಯನ್ನು ಕಿರಿದು ಮಾಡುತ್ತವೆ. ಸಹಜ ಹೆರಿಗೆಯ ಕೂಸಿನ ತಲೆ ಮೊದಲ ಕೆಲವು ದಿನ ನೀಳವಾಗಿ ಕಾಣುವುದು, ಸಿಸೇರಿಯನ್ ಕೂಸಿನದು ಹುಟ್ಟುತ್ತಲೇ ದುಂಡಗಿರುವುದು ಇದರಿಂದಲೇ. ಕೆಲವು ಮಕ್ಕಳ ತಲೆಯ ಮೇಲೆ ಬುಗುಟು ಕಾಣುತ್ತದೆ. ನೀರು ತುಂಬಿ ಊದಿದ ಬುಗುಟಾದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಎಲುಬಿನ ಪೊರೆಯಡಿ ರಕ್ತ ನಿಂತ ಬುಗುಟಾದರೆ ವಾರಗಟ್ಟಲೆ ಇರುತ್ತದೆ, ಕಾಮಾಲೆಯನ್ನು ತುಸು ಹೆಚ್ಚಿಸಲೂಬಹುದು. ಎರಡನ್ನೂ ಒತ್ತಬಾರದು, ತಿಕ್ಕಬಾರದು, ಚುಚ್ಚಿಸಬಾರದು.

ಮಗುವಿಗೆ ಎರೆಯಲು ಬರುವ ಹೆಂಗಸು ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎರಡೂ ಅಂಗೈಯಿಂದ ತಲೆಯನ್ನು ಒತ್ತಿ ದುಂಡಗೆ ಮಾಡುವುದನ್ನು ಬಹಳ ಮನೆಗಳಲ್ಲಿ ನೋಡಬಹುದು. ಮೂಗನ್ನೂ ಅಷ್ಟಿಷ್ಟು ಎಳೆಯುತ್ತಾರೆ. ತಿಂಗಳೆರಡು ಕಳೆದು ತಲೆ ದುಂಡಗಾದಾಗ ಆ ಕೀರ್ತಿ ಅವರ ಕೈಗೆ ಸಲ್ಲುತ್ತದೆ. ನಿಜಕ್ಕೂ ಬುರುಡೆಯನ್ನು ದುಂಡಗೆ ಮಾಡುವುದು ಒಳಗಿನ ಮಿದುಳು. ಹುಟ್ಟುವಾಗ ಸುಮಾರು 350ರಿಂದ 400 ಗ್ರಾಂ ಇರುವ ಮಿದುಳು ಒಂದು ವರ್ಷದೊಳಗೆ ಅದರ ಎರಡು ಪಟ್ಟು ದಾಟುತ್ತದೆ. ಅದು ಒಳಗಿನಿಂದ ಒತ್ತುತ್ತದೆ. ಸಂದುಗಳ ಅಂಚಿನಲ್ಲಿ ಹೊಸ ಎಲುಬು ಕೂಡುತ್ತ ಹೋಗುತ್ತದೆ. ಎಣ್ಣೆ ನೀರು ಬೇಡವೆಂದು ಯಾರೂ ಹೇಳುತ್ತಿಲ್ಲ. ಹಗುರ ಕೈಯ ಎಣ್ಣೆ ಮಗುವಿಗೂ ಹಿತ, ಅಜ್ಜಿಗೂ ಹಿತ. ಆದರೆ ಮೂಗಿಗೆ ಎಣ್ಣೆ ಬಿಡುವುದನ್ನು ಮಾತ್ರ ಕೈಬಿಡಬೇಕು. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಸಾಂಬ್ರಾಣಿ ಹೊಗೆಯಲ್ಲಿ ಕೂಸಿನ ಕೂದಲು ಆರಿಸುವುದೂ ಆ ಪುಟ್ಟ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಇಂಚುಪಟ್ಟಿಯ ಕೆಲಸ

ತಲೆ ಬೆಳೆಯುವ ವೇಗವನ್ನು ಅಂಕಿಗಳಲ್ಲಿ ನೋಡಿದರೆ ಬೆರಗಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಗಂಡುಮಗುವಿನ ತಲೆಸುತ್ತಳತೆಯ ನಡುಮಟ್ಟ ಹುಟ್ಟುವಾಗ 34.5 ಸೆಂಟಿಮೀಟರ್, ಮೂರು ತಿಂಗಳಿಗೆ 40.5, ಆರಕ್ಕೆ 43.3, ಒಂದು ವರ್ಷಕ್ಕೆ 46.1. ಮೊದಲ ವರ್ಷದ ಬೆಳವಣಿಗೆಯ ಅರ್ಧ ಪಾಲು ಮೊದಲ ಮೂರು ತಿಂಗಳಲ್ಲೇ ಮುಗಿದಿರುತ್ತದೆ. ಆಮೇಲೆ ಎರಡನೇ ವರ್ಷವಿಡೀ ಸೇರುವುದು ಎರಡು ಸೆಂಟಿಮೀಟರ್ ಚಿಲ್ಲರೆ. ಎರಡರಿಂದ ಐದರವರೆಗೂ ಅಷ್ಟೇ. ಐದು ತುಂಬಿದಾಗ 50.7. ಹೆಣ್ಣುಮಗುವಿನದು ಹುಟ್ಟುವಾಗ 33.9, ವರ್ಷಕ್ಕೆ 44.9, ಐದಕ್ಕೆ 49.9. ಒಂದನೇ ತರಗತಿಗೆ ಸೇರುವ ಮಗುವಿನ ತಲೆಗೂ ಅದರ ಅಪ್ಪನ ತಲೆಗೂ ಇರುವ ಅಂತರ ಕೆಲವೇ ಸೆಂಟಿಮೀಟರು. ಮೈ ಬೆಳೆಯಲು ಹದಿನೆಂಟು ವರ್ಷವಿದ್ದರೂ ತಲೆಗೆ ಅಷ್ಟು ಪುರಸೊತ್ತಿಲ್ಲ.

ಈ ಪಟ್ಟಿ ಪರದೇಶಿ ಮಕ್ಕಳದ್ದು, ನಮ್ಮವರಿಗೆ ಹೊಂದುವುದಿಲ್ಲ ಎನ್ನುವವರಿದ್ದಾರೆ. 1997ರಿಂದ 2003ರವರೆಗೆ ನಡೆದ ಆ ಅಧ್ಯಯನಕ್ಕೆ ಮಕ್ಕಳನ್ನು ಆರಿಸಿದ್ದು ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದಿಂದ. ನಮ್ಮ ಪಾಲಿನ ಮಕ್ಕಳು ದಕ್ಷಿಣ ದೆಹಲಿಯವರು. ಎದೆಹಾಲು ಕುಡಿದ, ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆಯಿಲ್ಲದ, ಸಾಕಷ್ಟು ಆರೈಕೆ ಸಿಕ್ಕ ಮಕ್ಕಳನ್ನೇ ತೆಗೆದುಕೊಂಡಿದ್ದರು. ಆರೈಕೆ ಸರಿಯಿದ್ದರೆ ದೆಹಲಿ, ಓಸ್ಲೋ, ಅಕ್ರಾದ ಮಕ್ಕಳು ಹೆಚ್ಚುಕಡಿಮೆ ಒಂದೇ ಹದದಲ್ಲಿ ಬೆಳೆಯುತ್ತಾರೆ ಎಂಬುದೇ ಅದರ ಫಲಿತಾಂಶ.

ಅಳೆಯುವುದು ಸುಲಭ, ಸರಿಯಾಗಿ ಅಳೆಯುವುದು ಅಷ್ಟು ಸುಲಭವಲ್ಲ. ಟೈಲರ್ ಅಂಗಡಿಯ ಹಳೆಯ ಬಟ್ಟೆ ಟೇಪು ಎಳೆದರೆ ಹಿಗ್ಗುತ್ತದೆ, ಅದು ಬೇಡ. ಹಿಗ್ಗದ ಟೇಪನ್ನು ಮುಂದೆ ಹುಬ್ಬಿನ ಮೇಲೆ, ಪಕ್ಕದಲ್ಲಿ ಕಿವಿಯ ಮೇಲೆ, ಹಿಂದೆ ತಲೆ ಅತಿ ಹೆಚ್ಚು ಉಬ್ಬಿರುವ ಕಡೆ ಸುತ್ತಿ, ಮೂರು ಸಲ ಅಳೆದು ದೊಡ್ಡ ಅಳತೆಯನ್ನು ಬರೆದುಕೊಳ್ಳಬೇಕು. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ವಯಸ್ಸನ್ನು ಹೆರಿಗೆಗೆ ಗೊತ್ತುಮಾಡಿದ್ದ ದಿನದಿಂದ ಎಣಿಸಬೇಕು. ಅಪ್ಪನ ತಲೆ ದೊಡ್ಡದಿದ್ದರೆ ಮಗನದೂ ದೊಡ್ಡದಿರಬಹುದು. ಅದಕ್ಕೆ ಸ್ಕ್ಯಾನ್ ಮಾಡಿಸುವ ಮೊದಲು ಅಪ್ಪನ ತಲೆಗೇ ಟೇಪು ಸುತ್ತಿ ನೋಡುವ ವೈದ್ಯರೂ ಇದ್ದಾರೆ, ಸರಿಯಾದ ಕ್ರಮವೇ ಅದು.

ಒಂದೇ ಅಳತೆಯನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಬ್ರೆಜಿಲ್ ಕಂಡಿತು. 2015ರ ಕೊನೆಯಲ್ಲಿ ಪೆರ್ನಾಂಬುಕೊ ರಾಜ್ಯದ ರೆಸಿಫೆ ನಗರದ ಆಸ್ಪತ್ರೆಗಳಲ್ಲಿ ತೀರಾ ಸಣ್ಣ ತಲೆಯ ಮಕ್ಕಳು ಒಂದರ ಹಿಂದೊಂದು ಹುಟ್ಟತೊಡಗಿದರು. ಈಡಿಸ್ ಸೊಳ್ಳೆ ಹರಡುವ ಝೀಕಾ ವೈರಸ್ ಗರ್ಭದಲ್ಲೇ ಮಿದುಳನ್ನು ಹಾಳುಮಾಡಿತ್ತು. ಸರ್ಕಾರ ಮೊದಲು 33 ಸೆಂಟಿಮೀಟರನ್ನು ಗೆರೆಯಾಗಿ ಇಟ್ಟುಕೊಂಡಿತು. ಆ ಗೆರೆಯೊಳಗೆ ಆರೋಗ್ಯವಂತ ಮಕ್ಕಳೂ ಬಹಳ ಮಂದಿ ಬಂದರು, ಎಷ್ಟೋ ತಾಯಂದಿರು ಸುಮ್ಮಸುಮ್ಮನೆ ಬೆಂದರು. ಡಿಸೆಂಬರ್‌ನಲ್ಲಿ ಗೆರೆಯನ್ನು 32ಕ್ಕೆ ಇಳಿಸಿದರು. 2016ರ ಮಾರ್ಚ್‌ನಲ್ಲಿ ಅದು ಗಂಡಿಗೆ 31.9, ಹೆಣ್ಣಿಗೆ 31.5 ಆಯಿತು. ಅಷ್ಟಾದರೂ ಟೇಪಿಗೆ ಸಿಗದ ಮಕ್ಕಳಿದ್ದರು. ಝೀಕಾ ತಗುಲಿಯೂ ಸಹಜ ಅಳತೆಯ ತಲೆಯೊಂದಿಗೆ ಹುಟ್ಟಿದ 13 ಮಕ್ಕಳನ್ನು ಅಲ್ಲಿನ ವೈದ್ಯರು ಹಿಂಬಾಲಿಸಿದರು. ತಿಂಗಳುಗಳು ಕಳೆದಂತೆ ತಲೆಯ ಬೆಳವಣಿಗೆ ಹಿಂದೆ ಬಿದ್ದು 11 ಮಕ್ಕಳು ಸಣ್ಣ ತಲೆಯವರ ಸಾಲಿಗೆ ಸೇರಿದರು. ಹುಟ್ಟಿದ ದಿನವೊಂದೇ ಅಳೆದು ಬಿಟ್ಟಿದ್ದರೆ ಅವರು ಆರೋಗ್ಯವಂತರ ಪಟ್ಟಿಯಲ್ಲಿ ಉಳಿದುಬಿಡುತ್ತಿದ್ದರು. ಕರ್ನಾಟಕದ ಮೊದಲ ಝೀಕಾ ಪ್ರಕರಣ 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಲ್ಲಿ ಪತ್ತೆಯಾಯಿತು ಎನ್ನುವುದನ್ನು ನೆನೆದರೆ ರೆಸಿಫೆ ಅಷ್ಟೇನೂ ದೂರವಿಲ್ಲ.

ಎದುರು ದಿಕ್ಕಿನ ಅಪಾಯ ತಲೆಯಲ್ಲಿ ನೀರು ತುಂಬುವುದು. ಅಲ್ಲಿ ಅಳತೆ ಪ್ರತಿ ಸಲ ತನ್ನ ಗೆರೆಯನ್ನು ಬಿಟ್ಟು ಮೇಲಕ್ಕೆ ಜಿಗಿಯುತ್ತದೆ. ಮಗು ವಾಂತಿ ಮಾಡುತ್ತದೆ, ಕಣ್ಣಗುಡ್ಡೆ ಕೆಳಕ್ಕೆ ಇಳಿದು ಮೇಲೆ ಬಿಳಿ ಕಾಣುತ್ತದೆ, ನೆತ್ತಿ ಬಿಗಿದು ಉಬ್ಬುತ್ತದೆ. ಕಣ್ಣು ಇಳಿಯುವ ಮೊದಲೇ ಹೇಳಬಲ್ಲದ್ದು ಟೇಪು.

ಚಪ್ಪಟೆ ತಲೆ, ಕೋನ ತಲೆ

ಬೆನ್ನ ಮೇಲೆ ಮಲಗಿಸಬೇಕು ಎಂಬ ಸಲಹೆ 1990ರ ದಶಕದಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ದೊಡ್ಡ ಪ್ರಚಾರವಾಯಿತು. ಅಲ್ಲಿ ಮಕ್ಕಳನ್ನು ಬೋರಲು ಮಲಗಿಸುವ ರೂಢಿಯಿತ್ತು. ಅದು ಬದಲಾದ ಮೇಲೆ ನಿದ್ದೆಯಲ್ಲೇ ಹಠಾತ್ತನೆ ಸಾಯುವ ಕೂಸುಗಳ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಅದರ ಜೊತೆಗೆ ತಲೆಯ ಹಿಂಭಾಗ ಒಂದು ಕಡೆ ಚಪ್ಪಟೆಯಾದ ಮಕ್ಕಳು ಹೆಚ್ಚು ಕಾಣತೊಡಗಿದರು. ಜೀವದ ಮುಂದೆ ಚಪ್ಪಟೆ ತಲೆ ಏನೂ ಅಲ್ಲ. ಬೆನ್ನ ಮೇಲೆ ಮಲಗಿಸುವುದನ್ನು ಬಿಡುವಂತಿಲ್ಲ. ಎಚ್ಚರವಿದ್ದಾಗ ಎದುರಿಗೇ ಕೂತು ಮಗುವನ್ನು ಬೋರಲು ಬಿಡುವುದು, ಮಲಗಿದಾಗ ತಲೆಯ ದಿಕ್ಕು ಬದಲಿಸುವುದು, ಎತ್ತಿಕೊಳ್ಳುವ ತೋಳು ಬದಲಿಸುವುದು, ಇಷ್ಟು ಸಾಕು. ನಮ್ಮ ಕಡೆಯ ಸಾಸಿವೆ ದಿಂಬು, ರಾಗಿ ದಿಂಬಿನ ಬಗ್ಗೆ ಮಕ್ಕಳ ವೈದ್ಯರ ಮಾತು ಸ್ಪಷ್ಟವಿದೆ. ವರ್ಷ ತುಂಬುವವರೆಗೆ ನಿದ್ದೆಯಲ್ಲಿ ಯಾವ ದಿಂಬೂ ಬೇಡ.

ತಲೆ ಸರಿಪಡಿಸುವ ಹೆಲ್ಮೆಟ್‌ಗಳೂ ಈಗ ಸಿಗುತ್ತವೆ, ಬೆಲೆ ಕೇಳಿದರೆ ನಮ್ಮ ನೆತ್ತಿಯೇ ಮಿಡಿಯುತ್ತದೆ. ನೆದರ್ಲೆಂಡ್ಸ್‌ನಲ್ಲಿ 84 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹೆಲ್ಮೆಟ್ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು ನೋಡಿದರು. ಎರಡು ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪಿನ ತಲೆಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿದ್ದವು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾಯಿತು. ಸಾಮಾನ್ಯ ಚಪ್ಪಟೆಗೆ ಹಣ ಸುರಿಯುವವರು ಇದನ್ನು ಒಮ್ಮೆ ನೆನೆಯಲಿ.

ಆದರೆ ಎಲ್ಲ ಸೊಟ್ಟ ತಲೆಯೂ ತಾನಾಗಿ ಸರಿಹೋಗುವುದಿಲ್ಲ. ಎರಡು ಸಾವಿರದಿಂದ ಎರಡೂವರೆ ಸಾವಿರ ಹೆರಿಗೆಗೆ ಒಂದರಂತೆ ಬುರುಡೆಯ ಸಂದೊಂದು ಹೊತ್ತಿಗೆ ಮೊದಲೇ ಬೆಸೆದುಹೋಗಿರುತ್ತದೆ. ಜರ್ಮನಿಯ ರುಡಾಲ್ಫ್ ವಿರ್ಕೋವ್ 1851ರಲ್ಲೇ ಇದರ ಸೂತ್ರ ಹೇಳಿದ್ದ. ಬೆಸೆದ ಸಂದಿಗೆ ಅಡ್ಡಲಾಗಿ ಬುರುಡೆ ಬೆಳೆಯದು, ಸಂದಿನ ಉದ್ದಕ್ಕೆ ಹೆಚ್ಚು ಬೆಳೆಯುತ್ತದೆ. ನಡುನೆತ್ತಿಯ ಸಂದು ಬೆಸೆದರೆ ತಲೆ ಅಗಲ ಕಳೆದುಕೊಂಡು ಹಿಂದಕ್ಕೆ ನೀಳವಾಗುವುದು ಅದಕ್ಕೇ. ಮಲಗಿ ಚಪ್ಪಟೆಯಾದ ತಲೆ ತಿಂಗಳಿಂದ ತಿಂಗಳಿಗೆ ಸುಧಾರಿಸಿದರೆ, ಬೆಸೆದ ತಲೆ ಇನ್ನಷ್ಟು ಸೊಟ್ಟಗಾಗುತ್ತದೆ. ಬೆರಳಾಡಿಸಿದರೆ ಸಂದಿನ ಮೇಲೆ ಏಣು ಸಿಗುತ್ತದೆ. ಸಣ್ಣ ಗಾಯದ ಎಂಡೋಸ್ಕೋಪಿ ಶಸ್ತ್ರಚಿಕಿತ್ಸೆಗೆ ಮೊದಲ ಕೆಲವು ತಿಂಗಳುಗಳೇ ಸರಿಯಾದ ಹೊತ್ತು. "ವರ್ಷ ತುಂಬಲಿ, ನೋಡೋಣ" ಎಂದು ಕೂತರೆ ಆ ಹೊತ್ತು ಮೀರುತ್ತದೆ.

ಇನ್ನು ನೆತ್ತಿ ಮುಚ್ಚುವ ಮಾತು. ತಲೆಯ ಹಿಂಭಾಗದ ಚಿಕ್ಕ ನೆತ್ತಿ ಎರಡು ಮೂರು ತಿಂಗಳಲ್ಲಿ ಮುಚ್ಚುತ್ತದೆ. ಮುಂದಿನದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದಲ್ಲಿ, ಕೆಲವರಿಗೆ ಎರಡರವರೆಗೂ ಹೋಗುತ್ತದೆ. ಬೇಗ ಮುಚ್ಚಿದರೂ ತಲೆ ತನ್ನ ಗೆರೆಯಲ್ಲಿ ಬೆಳೆಯುತ್ತಿದ್ದರೆ ಚಿಂತೆಯಿಲ್ಲ. ಎರಡು ದಾಟಿಯೂ ಮುಚ್ಚದಿದ್ದರೆ ಥೈರಾಯ್ಡ್ ಕೊರತೆ, ರಿಕೆಟ್ಸ್ ಮುಂತಾದವನ್ನು ಹುಡುಕಬೇಕು. ಬಿಸಿಲಿನ ನಾಡಿನಲ್ಲಿ ವಿಟಮಿನ್ ಡಿ ಯಾಕೆ ಎನ್ನಬೇಡಿ. ಎದೆಹಾಲಿನಲ್ಲಿ ಅದು ಕಡಿಮೆ; ವರ್ಷ ತುಂಬುವವರೆಗೆ ದಿನಕ್ಕೆ 400 ಯೂನಿಟ್ ಹನಿ ಕೊಡಿ ಎನ್ನುವುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ.

ವಾಂತಿ ಭೇದಿಯಲ್ಲಿ ನೆತ್ತಿ ಗುಳಿಬಿದ್ದರೆ ಮೈಯ ನೀರು ಬತ್ತಿದೆ ಎಂದರ್ಥ. ಆ ಗುಳಿಯನ್ನು ಎಣ್ಣೆಯಿಂದ ತುಂಬಲಾಗದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನಬೀಸ್ ಕಾಲರಾ ರೋಗಿಗಳಿಗೆ ಕುಡಿಸಿ ಬದುಕಿಸಿದ ಸಕ್ಕರೆ ಉಪ್ಪಿನ ನೀರೇ ಇಂದಿನ ಓಆರ್‌ಎಸ್ ಪೊಟ್ಟಣ. ಇದಕ್ಕೆ ವಿರುದ್ಧವಾಗಿ, ಅಳು ನಿಂತ ಮೇಲೂ, ಕೂರಿಸಿ ಹಿಡಿದಾಗಲೂ ನೆತ್ತಿ ಉಬ್ಬಿ ಬಿಗಿದೇ ಇದ್ದು ಜ್ವರವೂ ಇದ್ದರೆ ಅದು ಮಿದುಳುಪೊರೆಯ ಉರಿಯೂತವಿರಬಹುದು. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಎಣಿಸಬೇಕಾದದ್ದು

ದೊಡ್ಡವರ ಎದೆ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಕೂಸಿನ ಪುಟ್ಟ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ನೂಕಲಾರದು, ಹಾಗಾಗಿ ವೇಗದಿಂದಲೇ ಸರಿದೂಗಿಸುತ್ತದೆ. ಆಕ್ಸ್‌ಫರ್ಡಿನ ಸಂಶೋಧಕರು 69 ಅಧ್ಯಯನಗಳಿಂದ 1,43,346 ಮಕ್ಕಳ ಎದೆಬಡಿತದ ಲೆಕ್ಕ ಕೂಡಿಸಿ 2011ರಲ್ಲಿ ದಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಹುಟ್ಟುವಾಗ ನಡುಮಟ್ಟ 127. ಒಂದು ತಿಂಗಳಿಗೆ ಇಳಿಯುವ ಬದಲು 145ಕ್ಕೆ ಏರುತ್ತದೆ. ಎರಡು ವರ್ಷಕ್ಕೆ 113. ಉಸಿರು ಹುಟ್ಟುವಾಗ ನಿಮಿಷಕ್ಕೆ 44, ಎರಡು ವರ್ಷಕ್ಕೆ 26. ವೈದ್ಯರು ಬಳಸುತ್ತಿದ್ದ ಅನೇಕ ಪಟ್ಟಿಗಳು ಈ ಲೆಕ್ಕಕ್ಕೆ ತಾಳೆಯಾಗುವುದಿಲ್ಲ ಎಂಬುದೂ ಆಗ ಬೆಳಕಿಗೆ ಬಂತು. ಅತ್ತಾಗ ಬಡಿತ 180 ದಾಟಬಹುದು, ಗಾಢ ನಿದ್ದೆಯಲ್ಲಿ ನೂರಕ್ಕಿಂತ ಕೆಳಗೂ ಇಳಿಯಬಹುದು. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ಹತ್ತರಷ್ಟು ಏರುತ್ತದೆ. ಹಾಗಾಗಿ ಮನೆಯಲ್ಲಿ ನಾಡಿ ಹಿಡಿದು ಕೂರುವುದರಿಂದ ಹೆಚ್ಚು ಲಾಭವಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಅಂತೂ ಕೂಸಿನ ಬೆರಳಿಗೆ ಕೂರುವುದೇ ಇಲ್ಲ, ಅದು ತೋರಿಸುವ ಅಂಕಿಯನ್ನು ನಂಬಬಾರದು.

ರಕ್ತದೊತ್ತಡ ಮನೆಯವರ ಕೆಲಸವಲ್ಲ. ಆದರೂ ಒಂದು ಮಾತು ತಿಳಿದಿರಲಿ. ಕಾಯಿಲೆ ಬಿದ್ದ ಮಗುವಿನಲ್ಲಿ ಬಿಪಿ ಎಲ್ಲಕ್ಕಿಂತ ಕೊನೆಗೆ ಬೀಳುತ್ತದೆ. ಅದಕ್ಕೂ ಬಹಳ ಮೊದಲು ಕೈಕಾಲು ತಣ್ಣಗಾಗಿರುತ್ತದೆ, ಮಂಕು ಕವಿದಿರುತ್ತದೆ. "ಬಿಪಿ ಸರಿ ಇದೆಯಂತೆ" ಎಂದು ಸಮಾಧಾನಪಟ್ಟು ಕೂರುವಂತಿಲ್ಲ.

ಮನೆಯಲ್ಲಿ ಎಣಿಸಬೇಕಾದದ್ದು ಉಸಿರು. ಈ ವಿದ್ಯೆಯ ಬೇರು ಇರುವುದು ಪಾಪುವಾ ನ್ಯೂಗಿನಿಯ ಗೊರೋಕಾ ಎಂಬ ಗುಡ್ಡಗಾಡಿನ ಊರಿನಲ್ಲಿ. 1980ರ ದಶಕದ ಆರಂಭದಲ್ಲಿ ಅಲ್ಲಿದ್ದ ಆಸ್ಟ್ರೇಲಿಯಾದ ವೈದ್ಯ ಫ್ರಾಂಕ್ ಶಾನ್, ಎಕ್ಸ್‌ರೇ ಇಲ್ಲದೆ ಸ್ಟೆತಾಸ್ಕೋಪ್ ಇಲ್ಲದೆ ನ್ಯುಮೋನಿಯಾ ಗುರುತಿಸಲು ಉಸಿರಿನ ವೇಗ ಮತ್ತು ಪಕ್ಕೆಯ ಸೆಳೆತ ಸಾಕು ಎಂದು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಆ ದಾರಿಯಲ್ಲೇ ಲೆಕ್ಕ ಗೊತ್ತುಮಾಡಿತು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಅದು ವೇಗದ ಉಸಿರು. ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಓದುಬರಹ ಬಾರದ ಸೂಲಗಿತ್ತಿಯರ ಕೈಗೂ ಈ ಲೆಕ್ಕ ಬರುವಂತೆ ಮಾಡಿದರು. ಒಂದು ನಿಮಿಷದ ಮರಳುಗಡಿಯಾರ, ಹತ್ತು ಉಸಿರಿಗೆ ಸರಿಸುವ ಒಂದು ಮಣಿ. ಮರಳು ಮುಗಿಯುವ ಮೊದಲೇ ಕೆಂಪು ಮಣಿ ಬಂತೆಂದರೆ ನ್ಯುಮೋನಿಯಾ. ಹಳ್ಳಿಯ ಕಾರ್ಯಕರ್ತೆಯರು ಮನೆಗೇ ಹೋಗಿ ನವಜಾತ ಶಿಶುಗಳನ್ನು ನೋಡಿಕೊಂಡ ಅವರ ಪ್ರಯೋಗದಲ್ಲಿ ನವಜಾತ ಶಿಶುಗಳ ಮರಣ ಶೇ 62ರಷ್ಟು ತಗ್ಗಿತೆಂದು 1999ರಲ್ಲಿ ವರದಿಯಾಯಿತು. ಇಂದು ಆಶಾ ಕಾರ್ಯಕರ್ತೆ ಹೆರಿಗೆಯ 3, 7, 14, 21, 28 ಮತ್ತು 42ನೇ ದಿನ ಬಾಗಿಲು ತಟ್ಟುವುದರ ಮೂಲ ಅಲ್ಲಿದೆ. ಮುಂದಿನ ಸಲ ಆಕೆ ಬಂದಾಗ ಹೊಸಿಲಲ್ಲೇ ಮಾತಾಡಿಸಿ ಕಳಿಸಬೇಡಿ, ಒಳಗೆ ಕರೆಯಿರಿ.

ಎಣಿಸುವುದು ಹೀಗೆ. ಮಗು ಸಮಾಧಾನವಾಗಿರಬೇಕು, ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಮೇಲೆತ್ತಿ ಹೊಟ್ಟೆ ನೋಡಬೇಕು. ಕೂಸುಗಳ ಉಸಿರು ಎದೆಗಿಂತ ಹೊಟ್ಟೆಯಲ್ಲೇ ಕಾಣುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಿದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಎಳೆಗೂಸು ಬಿಟ್ಟುಬಿಟ್ಟು ಉಸಿರಾಡುತ್ತದೆ. ನಾಲ್ಕಾರು ಸಲ ಬೇಗಬೇಗ ಎಳೆದು ಐದರಿಂದ ಹತ್ತು ಸೆಕೆಂಡ್ ನಿಲ್ಲಿಸುವುದು ಸಹಜ. ಇಪ್ಪತ್ತು ಸೆಕೆಂಡ್ ನಿಂತರೆ, ತುಟಿ ನೀಲಿಯಾದರೆ ಸಹಜವಲ್ಲ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ನರಳುವ ಸದ್ದಿದ್ದರೆ ಎಣಿಸುತ್ತ ಕೂರದೆ ಹೊರಡಬೇಕು. ಇಂಥ ಕೂಸುಗಳ ಹೊಟ್ಟೆಯ ಮೇಲೆ ಬರೆ ಹಾಕಿದ ಸುದ್ದಿ ನಮ್ಮ ಜಿಲ್ಲೆಗಳಿಂದ ಇವತ್ತಿಗೂ ಬರುತ್ತದೆ. ಅದು ಚಿಕಿತ್ಸೆಯಲ್ಲ, ಹಿಂಸೆ.

ಮೈಬಿಸಿಯ ವಿಷಯದಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಜ್ವರ ಮಾತ್ರ. ಎಳೆಗೂಸಿಗೆ ಚಳಿಯೂ ಅಷ್ಟೇ ಅಪಾಯ. ಕಂಕುಳಲ್ಲಿ ಇಟ್ಟ ಥರ್ಮಾಮೀಟರ್ 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು. ಕಡಿಮೆ ತೂಕದ ಕೂಸನ್ನು ತಾಯಿಯ ಬರಿಯೆದೆಗೆ ಒರಗಿಸಿಟ್ಟುಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದು. ಇಂಕ್ಯುಬೇಟರ್ ಸಾಲದೆ ಬಂದ ಉಪಾಯ. ಇಡೀ ಜಿಲ್ಲೆಗೆ ಅದನ್ನು ಹರಡುವುದು ಹೇಗೆಂದು ನಮ್ಮ ಕೊಪ್ಪಳದಲ್ಲೂ ಅಧ್ಯಯನ ನಡೆದಿದೆ. ಇನ್ನು ಜ್ವರ: ಮೂರು ತಿಂಗಳೊಳಗಿನ ಕೂಸಿಗೆ 100.4 ಮುಟ್ಟಿದರೆ ಮನೆಯಲ್ಲಿ ಸಿರಪ್ ಹಾಕಿ ಕಾಯಬಾರದು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಥರ್ಮಾಮೀಟರಿನ ಅಂಕಿಗಿಂತ ಮಗುವಿನ ಮುಖ ಹೆಚ್ಚು ಹೇಳುತ್ತದೆ. 103 ಇದ್ದೂ ಆಡುವ ಮಗುವಿಗಿಂತ 100 ಇದ್ದು ಹಾಲು ಬಿಟ್ಟು ಮಲಗಿದ ಮಗುವಿನ ಬಗ್ಗೆ ವೈದ್ಯರು ಹೆಚ್ಚು ಚಿಂತಿಸುತ್ತಾರೆ.

ಸರ್ಕಾರಿ ಲಸಿಕೆಯ ದಿನಗಳು ಹುಟ್ಟಿದಾಗ, 6, 10, 14 ವಾರಕ್ಕೆ, 9 ತಿಂಗಳಿಗೆ, ಮತ್ತೆ 16ರಿಂದ 24 ತಿಂಗಳೊಳಗೆ. ತಲೆ ಅತಿ ವೇಗವಾಗಿ ಬೆಳೆಯುವ ತಿಂಗಳುಗಳೂ ಬಹುತೇಕ ಇವೇ. ತಾಯಿ ಕಾರ್ಡ್ ಹಿಡಿದು ಹೋದಾಗ ತೂಕದ ಜೊತೆ ತಲೆಯ ಸುತ್ತಳತೆಯನ್ನೂ ಅಳೆದು ತಾರೀಖಿನ ಪಕ್ಕ ಬರೆದುಕೊಡಲು ಕೇಳಿ; ಬರೆಯಲು ಜಾಗವಿಲ್ಲವೆಂದರೆ ಅಂಚಿನಲ್ಲಿ ಬರೆಸಿ. ಮಗು ಆರೋಗ್ಯವಾಗಿ ಮಲಗಿರುವ ಒಂದು ಮಧ್ಯಾಹ್ನ ಅದರ ಉಸಿರನ್ನೂ ಒಂದು ನಿಮಿಷ ಎಣಿಸಿ ಅಲ್ಲೇ ಬರೆದಿಡಿ. ಕೆಮ್ಮು ಬಂದ ರಾತ್ರಿ ಹೋಲಿಸಿ ನೋಡಲು ಅದು ಬೇಕಾಗುತ್ತದೆ.